ಮೆಕ್ಸಿಕೋ ಕಡಲ ದಂಡೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ

ಅದು ಎರಡನೇ ದಿನ. ಮಧ್ಯಾಹ್ನ ಎರಡು ಗಂಟೆ ಆಗಿರಬಹುದು. ಸಮುದ್ರದಲ್ಲಿ ಮಿಂದು, ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು, ಕಲ್ಲು ಹಾಸಿದ ರಸ್ತೆಯಲ್ಲಿ ರೂಮಿಗೆ ವಾಪಸ್ ಬರುತ್ತಿದ್ದೆವು. ನಮ್ಮನೆಯವರು ಥಟ್ಟನೆ ನಿಂತರು. "ತಡಿ, ಇಲ್ಲಿ ಯಾರೋ ರೊಟ್ಟಿ ಬಡಿಯಾಕತ್ತಾರ" ಅಂದರು.

ಅವರು ಹಾವೇರಿ ಕಡೆಯವರು. ನಾನು ಕುಂದಾಪುರದವಳು. ರೊಟ್ಟಿ ಸಪ್ಪಳ ಅವರ ಕಿವಿಗೆ ಗೊತ್ತು, ಮೀನಿನ ವಾಸನೆ ನನ್ನ ಮೂಗಿಗೆ ಗೊತ್ತು. ಸಪ್ಪಳ ಬಂದ ಕಡೆ ಹೋದೆವು. ಒಂದು ಸಣ್ಣ ಮನೆಯ ಮುಂಭಾಗ. ನಾಲ್ಕು ಟೇಬಲ್, ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಒಳಗೆ ಐವತ್ತೈದು ದಾಟಿದ ಒಬ್ಬ ಹೆಂಗಸು ಅಂಗೈಯಿಂದ ಅಂಗೈಗೆ ಹಿಟ್ಟಿನ ಬಿಲ್ಲೆ ದಾಟಿಸುತ್ತಾ ತಟ್ಟುತ್ತಿದ್ದರು. ಪಟ್, ಪಟ್, ಪಟ್. ಆಮೇಲೆ ಹೆಂಚಿನ ಮೇಲೆ ಹಾಕಿದರು. ಅದು ಉಬ್ಬಿತು.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಗಂಡ ಹೆಂಡತಿ ಇಬ್ಬರೇ ಮೆಕ್ಸಿಕೋ ಕಡಲ ದಂಡೆಗೆ ರಜೆ ಹೋಗುತ್ತೀರಾ? ಎಲ್ಲವೂ ಸೇರಿದ ರಿಸಾರ್ಟ್ ಪ್ಯಾಕೇಜ್ ತೆಗೆದುಕೊಳ್ಳಬೇಡಿ. ಒಂದು ಊರು ಹಿಡಿದು ಕೂತುಬಿಡಿ. ಅಲ್ಲಿನ ಜನ ಏನು ತಿನ್ನುತ್ತಾರೋ ಅದನ್ನೇ ತಿನ್ನಿ. ಇದನ್ನು ನಾನು ಎರಡೂ ಥರ ಮಾಡಿ ನೋಡಿ ಹೇಳುತ್ತಿದ್ದೇನೆ.

ಮೊದಲ ಸಲ ನಾವು ಕೆರಿಬಿಯನ್ ಕಡಲಿನ ಕಾನ್‌ಕುನ್‌ಗೆ ಹೋಗಿದ್ದೆವು. ಟೆಕ್ಸಾಸ್‌ನಲ್ಲಿರುವ ನಮ್ಮಂಥ ಕನ್ನಡದವರಲ್ಲಿ ಎಷ್ಟೋ ಜನ ಹೋಗುವುದು ಅಲ್ಲಿಗೇ. ಹೋಟೆಲ್ಲಿನ ಹೆಸರು ಬೇಡ. ಹೋದ ತಕ್ಷಣ ಕೈಗೆ ಒಂದು ಪಟ್ಟಿ ಕಟ್ಟಿದರು. ಆ ಪಟ್ಟಿ ಇದ್ದರೆ ಎಲ್ಲಾ ಊಟ, ಎಲ್ಲಾ ಪಾನೀಯ ಫ್ರೀ. ಐದು ದಿನ ಆ ಗೇಟು ದಾಟಲಿಲ್ಲ. ಪಾಸ್ತಾ ತಿಂದೆವು, ಪಿಜ್ಜಾ ತಿಂದೆವು, ಉಪ್ಪು ಖಾರ ಇಲ್ಲದ ಅನ್ನ ತಿಂದೆವು. ಒಂದು ರಾತ್ರಿ ಮಾತ್ರ ಮೆಕ್ಸಿಕನ್ ಊಟ. ಅವತ್ತು ಕೊಟ್ಟ ಟೋರ್ಟಿಯಾ, ಅಂದರೆ ಅಲ್ಲಿನ ಮುಸುಕಿನ ಜೋಳದ ರೊಟ್ಟಿ, ಪ್ಯಾಕೆಟ್ಟಿನದು. ವಾಪಸ್ ಬಂದ ಮೇಲೆ ಯಾರೋ "ಮೆಕ್ಸಿಕೋ ಹೇಗಿತ್ತು" ಅಂತ ಕೇಳಿದಾಗ ನನಗೆ ಹೇಳಲು ಏನೂ ಇರಲಿಲ್ಲ. ಅದು ನಿಜವಾಗಿಯೂ ಬೇಜಾರಾಯಿತು.

ಆ ಹೋಟೆಲ್ ಸಾಲು ಬೆಳೆದ ಕಥೆ ಗೊತ್ತಾದ ಮೇಲೆ ಅದು ಯಾಕೆ ಹಾಗಿತ್ತು ಅಂತ ನನಗೆ ಅರ್ಥವಾಯಿತು. ಕಾನ್‌ಕುನ್ ಹಳೇ ಊರಲ್ಲ. ಪ್ರವಾಸಿಗರಿಗಾಗಿಯೇ ಮೆಕ್ಸಿಕೋ ಸರ್ಕಾರ 1970ರ ಹೊತ್ತಿಗೆ ಕಟ್ಟಲು ಶುರು ಮಾಡಿದ ಊರು. ಮೊದಲ ಹೋಟೆಲ್‌ಗಳು ತೆರೆದದ್ದು 1974ರಲ್ಲಿ. ಹೋಟೆಲ್ ಸಾಲಿನಲ್ಲಿ ಅಜ್ಜಿ ಅಡುಗೆ ಹುಡುಕಿದರೆ ಎಲ್ಲಿಂದ ಬರಬೇಕು ಹೇಳಿ.

ಹಾಗಾಗಿ ಎರಡನೇ ಸಲ ಇನ್ನೊಂದು ಕಡಲಿಗೆ ಹೋದೆವು. ಪೆಸಿಫಿಕ್ ಕಡೆ, ಹಲಿಸ್ಕೊ ರಾಜ್ಯದ ಪ್ವೆರ್ತೊ ವಯಾರ್ತಾ. ಜನವರಿ ತಿಂಗಳು. ಹಳೇ ಪೇಟೆಯಲ್ಲಿ ಅಡುಗೆಮನೆ ಇರುವ ಒಂದು ರೂಮು, ಏಳು ರಾತ್ರಿ. ವೀಸಾ ಚಿಂತೆ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರ ಹತ್ತಿರ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಾಗುವುದಿಲ್ಲ. ಸುರಕ್ಷತೆಯ ವಿಷಯದಲ್ಲಿ ಇಷ್ಟು ಹೇಳುತ್ತೇನೆ. ಅಮೆರಿಕ ಸರ್ಕಾರ ಮೆಕ್ಸಿಕೋದ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಎಚ್ಚರಿಕೆ ಕೊಡುತ್ತದೆ. ಟಿಕೆಟ್ ಮಾಡುವ ಮುಂಚೆ ಅದನ್ನು ಓದಿ. ಇಡೀ ದೇಶವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೊಂದು ವಿಷಯ. ಬೀಚಿಗಾಗಿ ರಿಸಾರ್ಟ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಾಗಿಲ್ಲ. ಮೆಕ್ಸಿಕೋದ ಕಾನೂನಿನ ಪ್ರಕಾರ ಕಡಲ ದಂಡೆ ಎಲ್ಲರದ್ದು. ದೊಡ್ಡ ಹೋಟೆಲ್ಲಿನ ಮುಂದಿನ ಮರಳೂ ಎಲ್ಲರದ್ದೇ. ನಿಮ್ಮ ಚಾಪೆ ಹಾಸಿಕೊಂಡು ಕೂರಬಹುದು.

ಈಗ ಆ ನಾಲ್ಕು ಟೇಬಲ್ಲಿನ ಜಾಗಕ್ಕೆ ಬರೋಣ. ಇಂಥ ಊಟದ ಮನೆಗೆ ಅಲ್ಲಿ ಫೋಂಡಾ ಅನ್ನುತ್ತಾರೆ. ಮೆಕ್ಸಿಕೋದಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ. ಫೋಂಡಾದಲ್ಲಿ ಆಗ ಸಿಗುವುದು ನಮ್ಮ ಕಡೆಯ ಪ್ಲೇಟ್ ಮೀಲ್ಸ್ ಥರದ್ದೇ. ಮೊದಲು ಸೂಪು, ಆಮೇಲೆ ಅನ್ನ, ಆಮೇಲೆ ಅವತ್ತಿನ ಪಲ್ಯವೋ ಸಾರೋ, ಜೊತೆಗೆ ಬೇಯಿಸಿದ ಕಾಳು. ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ಟೋರ್ಟಿಯಾ. ಒಂದು ಲೋಟ ಹಣ್ಣಿನ ನೀರು. ಅವತ್ತು ಕೊಟ್ಟದ್ದು ಕಡುಗೆಂಪು ಬಣ್ಣದ್ದು. ಹುಳಿ. ನಮ್ಮನೆಯವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಇದು ಪುಂಡಿ ಅಲ್ಲೇನು?" ಅಂದರು. ಹೌದು. ಅಲ್ಲಿ ಅದಕ್ಕೆ ಹಮಾಯಿಕಾ ಅನ್ನುತ್ತಾರೆ. ನಮ್ಮ ಪುಂಡಿ ಸೊಪ್ಪಿನ ಜಾತಿಯದೇ ಗಿಡ. ನಾವು ಸೊಪ್ಪು ತಿನ್ನುತ್ತೇವೆ, ಅವರು ಹೂವಿನ ಬುಡದ ಕೆಂಪು ಹೊದಿಕೆಯನ್ನು ಒಣಗಿಸಿ ಶರಬತ್ತು ಮಾಡುತ್ತಾರೆ.

ಆ ಟೋರ್ಟಿಯಾ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕೇಳಿ. ಅದು ಬರೀ ಜೋಳದ ಹಿಟ್ಟಿನ ರೊಟ್ಟಿ ಅಂದುಕೊಂಡಿದ್ದೆ. ಮುಸುಕಿನ ಜೋಳವನ್ನು ಅವರು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಹೌದು, ಸುಣ್ಣ. ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಅದೇ. ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ಕಾಳಿನ ಸಿಪ್ಪೆ ಜಾರಿ ಬರುತ್ತದೆ. ತೊಳೆದು, ಹಸಿಯಾಗಿಯೇ ಅರೆದರೆ ಹಿಟ್ಟು ಅಂಟು ಹಿಡಿಯುತ್ತದೆ. ಬಿಸಿ ಟೋರ್ಟಿಯಾದಿಂದ ಬರುವ ಆ ಮಳೆ ಬಿದ್ದ ಮಣ್ಣಿನಂಥ ಪರಿಮಳ ಈ ಸುಣ್ಣದ್ದು.

ಇದರಲ್ಲಿ ಆರೋಗ್ಯದ ಗುಟ್ಟೂ ಇದೆ. ಜೋಳದೊಳಗಿನ ಬಿ3 ವಿಟಮಿನ್ ಸುಣ್ಣದಲ್ಲಿ ಬೆಂದಾಗ ಮಾತ್ರ ನಮ್ಮ ಮೈಗೆ ಸರಿಯಾಗಿ ಹತ್ತುತ್ತದೆ. ಯುರೋಪಿನವರು ಜೋಳ ತೆಗೆದುಕೊಂಡು ಹೋದರು, ಸುಣ್ಣ ಹಾಕುವ ಪದ್ಧತಿ ಬಿಟ್ಟು ಹೋದರು. ಅಲ್ಲಿ ಜೋಳವನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರ ಅನ್ನುವ ಕಾಯಿಲೆ ಬಂತು. ಚರ್ಮ ಸುಲಿದು, ಬುದ್ಧಿ ಕೆಟ್ಟು ಸಾಯುತ್ತಿದ್ದರು. ಮೆಕ್ಸಿಕೋದ ಹೆಂಗಸರು ಯಾವ ಪ್ರಯೋಗಶಾಲೆಯೂ ಇಲ್ಲದೆ ಇದನ್ನು ಕಂಡುಕೊಂಡಿದ್ದರು. ಆ ದೇಶದ ಸಾಂಪ್ರದಾಯಿಕ ಅಡುಗೆಯನ್ನು 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಮೊದಲು ಸಲ್ಲಬೇಕಾದ್ದು ಇಂಥ ಕೈಗಳಿಗೆ ಅಂತ ನನಗೆ ಅನ್ನಿಸುತ್ತದೆ.

"ಅಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?" ಇದನ್ನು ಎಲ್ಲರೂ ಕೇಳುತ್ತಾರೆ. ನಮ್ಮನೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಏಳು ದಿನ ಹೊಟ್ಟೆ ತುಂಬಾ ಉಂಡರು. ಕುಂಬಳದ ಹೂವು ಮತ್ತು ಚೀಸ್ ತುಂಬಿ ಮಡಚಿದ ಟೋರ್ಟಿಯಾ, ಅದಕ್ಕೆ ಕೆಸದಿಯಾ ಅನ್ನುತ್ತಾರೆ. ದಪ್ಪ ಹಸಿರು ಮೆಣಸಿನಕಾಯಿ ಸುಟ್ಟು, ಸೀಳಿ, ಕೆನೆಯಲ್ಲಿ ಬೇಯಿಸಿದ ಪಲ್ಯ. ಮತ್ತೆ ನೋಪಾಲ್, ಅಂದರೆ ನಮ್ಮ ಪಾಪಾಸುಕಳ್ಳಿ! ಬೇಲಿಗೆ ನೆಡುವ ಆ ಕಳ್ಳಿಯ ಮುಳ್ಳು ಕೆತ್ತಿ, ಹೆಚ್ಚಿ, ಈರುಳ್ಳಿ ಜೊತೆ ಹುರಿಯುತ್ತಾರೆ. ಬೆಂಡೆಕಾಯಿ ಥರ ಸ್ವಲ್ಪ ಲೋಳೆ, ಸ್ವಲ್ಪ ಹುಳಿ.

ಎರಡು ವಿಷಯ ಮಾತ್ರ ಕೇಳಿಕೊಳ್ಳಬೇಕು. ಕಾಳಿಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ" ಅನ್ನಿ. ಸ್ಪ್ಯಾನಿಷ್ ಭಾಷೆಯಲ್ಲಿ ಮಾಂಸ ಬೇಡ, ಕೋಳಿ ಬೇಡ, ಕೊಬ್ಬು ಬೇಡ ಅಂತ ಅರ್ಥ. ಆ ತಾಯಿ ಮಾರನೇ ದಿನದಿಂದ ನಮ್ಮನೆಯವರಿಗಾಗಿ ಒಂದು ಪಾತ್ರೆ ಕಾಳನ್ನು ಬೇರೆ ಮಾಡಿ ಎತ್ತಿಡುತ್ತಿದ್ದರು. ನಮಗೆ ಅವರ ಭಾಷೆ ಹತ್ತು ಪದ ಬರುತ್ತಿತ್ತು. ಸಾಕಾಯಿತು.

ಹೊಟ್ಟೆ ಕೆಡುತ್ತದೆ ಅನ್ನುವ ಭಯಕ್ಕೂ ಉತ್ತರ ಇದೆ. ನಲ್ಲಿ ನೀರು ಕುಡಿಯಬೇಡಿ. ಅಲ್ಲಿನ ಮನೆಗಳಲ್ಲೂ 20 ಲೀಟರ್ ಕ್ಯಾನ್ ನೀರೇ, ಬೆಂಗಳೂರಿನ ಹಾಗೆ. ಜನ ತುಂಬಿರುವ ಕಡೆ, ಎದುರಿಗೇ ಬಿಸಿಯಾಗಿ ಮಾಡಿಕೊಡುವ ಕಡೆ ತಿನ್ನಿ. ನಮಗೆ ಏನೂ ಆಗಲಿಲ್ಲ.

ನನ್ನ ಪಾಲಿಗೆ ಮೀನು ಇತ್ತು. ಪಕ್ಕದ ನಯರೀತ್ ರಾಜ್ಯದ ಕಡೆಯ ಅಡುಗೆ, ಸರಂದೆಯಾದೊ. ಇಡೀ ಮೀನನ್ನು ಸೀಳಿ ಪುಸ್ತಕದ ಹಾಗೆ ಬಿಡಿಸುತ್ತಾರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ ಅರೆದು ಹಚ್ಚಿ ಕೆಂಡದ ಮೇಲೆ ಸುಡುತ್ತಾರೆ. ನಮ್ಮ ಮೀನು ಫ್ರೈ ತಿಂದು ಬೆಳೆದವಳು ನಾನು. ಇದಕ್ಕೂ ಅಷ್ಟೇ ಮಾರ್ಕ್ಸ್ ಕೊಡುತ್ತೇನೆ.

ಮೂರನೇ ದಿನ ಮಾರುಕಟ್ಟೆಗೆ ಹೋದೆವು. ಗೋಣಿಚೀಲದ ತುಂಬಾ ಒಣಮೆಣಸಿನಕಾಯಿ. ನಮ್ಮನೆಯವರು ಗ್ವಾಹೀಯೊ ಅನ್ನುವ ಜಾತಿಯದನ್ನು ಒಂದು ಮುರಿದು ಮೂಸಿ ನೋಡಿದರು. ಬಣ್ಣ ಜಾಸ್ತಿ, ಖಾರ ಕಡಿಮೆ. "ಬ್ಯಾಡಗಿ ಮೆಣಸಿನಕಾಯಿ ತಮ್ಮ ಇದು" ಅಂದರು. ತಮ್ಮ ಅಂದಿದ್ದು ತಪ್ಪು, ಇದು ಅಣ್ಣ. ಮೆಣಸಿನಕಾಯಿಯ ತವರು ಮೆಕ್ಸಿಕೋ. ಅದನ್ನು ನಮ್ಮ ಕಡಲಿಗೆ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ನಮ್ಮ ಅಡುಗೆಯ ಖಾರ ಅಂದರೆ ಕರಿಮೆಣಸು. ಆ ಹೆಸರನ್ನೇ ಹೊಸ ಕಾಯಿಗೆ ಕೊಟ್ಟೆವು. ಅದೇ ಮಾರುಕಟ್ಟೆಯಲ್ಲಿ ಸೀಮೆಬದನೆ ಇತ್ತು, ಪರಂಗಿ ಹಣ್ಣಿತ್ತು, ಸಪೋಟ ಇತ್ತು. ಹೆಸರಲ್ಲೇ ಇದೆ ನೋಡಿ, ಸೀಮೆ, ಪರಂಗಿ. ಹೊರಗಿನಿಂದ ಬಂದದ್ದು ಅಂತ ನಮ್ಮ ಹಿರಿಯರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಟೊಮೆಟೊ, ಸಪೋಟ ಅನ್ನುವ ಪದಗಳು ಹುಟ್ಟಿದ್ದೇ ಅಲ್ಲಿನ ನಾವಾತ್ಲ್ ಭಾಷೆಯಲ್ಲಿ. ಮೂಲೆಯಲ್ಲಿ ಬೆಲ್ಲದ ಅಚ್ಚುಗಳೂ ಇದ್ದವು. ಆ ಬೆಲ್ಲ, ಜೋಳದ ಹಿಟ್ಟು ಸೇರಿಸಿ ಹುಳಿ ಬರಿಸಿ, ನಿಂಬೆ ಉಪ್ಪು ಹಾಕಿ ಕೊಡುವ ತೆಹ್ವೀನೊ ಕುಡಿದಾಗ ನನಗೆ ರಾಗಿ ಅಂಬಲಿ ನೆನಪಾಯಿತು.

ಇಷ್ಟು ಬಿಟ್ಟರೆ ನಾವು ಏನೂ ಮಾಡಲಿಲ್ಲ. ನಿಜವಾಗಿಯೂ ಏನೂ ಇಲ್ಲ. ಬೆಳಿಗ್ಗೆ ಏಳಕ್ಕೆ ನೀರಿನ ಅಂಚಿನಲ್ಲಿ ನಡೆಯುವುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆ ಊರಿನ ಮುಂದಿನ ಬಾಂದೆರಾಸ್ ಕೊಲ್ಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಒಂದು ಬೆಳಿಗ್ಗೆ ದೂರದಲ್ಲಿ ನೀರಿನ ಉಸಿರು ಚಿಮ್ಮಿದ್ದು ದಂಡೆಯಿಂದಲೇ ಕಾಣಿಸಿತು. ದೋಣಿ ಟೂರ್ ಬುಕ್ ಮಾಡಲಿಲ್ಲ. ಊಟ, ನಿದ್ದೆ, ಮತ್ತೆ ಸಮುದ್ರ. ನಮ್ಮವರು ರಜೆ ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು ಹತ್ತು ಜಾಗ ನೋಡಬೇಕು ಅನ್ನುತ್ತಾರಲ್ಲ, ದಯವಿಟ್ಟು ಒಂದು ಸಲ ಬಿಟ್ಟು ನೋಡಿ.

ಯಾಕೆ ಹೇಳುತ್ತೇನೆ ಗೊತ್ತಾ? ಮನೆಯಲ್ಲಿ ನಮ್ಮಿಬ್ಬರ ಮಾತು ಅಂದರೆ ಕಸದ ಗಾಡಿ ಯಾವತ್ತು, ಮನೆ ಸಾಲದ ಕಂತು ಕಟ್ಟಾಯಿತಾ, ನಾಳೆ ಮೀಟಿಂಗ್ ಎಷ್ಟಕ್ಕೆ. ನಾಲ್ಕನೇ ದಿನ ಫೋಂಡಾದಲ್ಲಿ ಊಟ ಮುಗಿದು ಸುಮ್ನೆ ಕೂತಿದ್ದಾಗ ಇವರು ತಮ್ಮ ಅಜ್ಜಿಯ ಬಗ್ಗೆ ಹೇಳಲು ಶುರು ಮಾಡಿದರು. ಬೆಳಗಿನ ಜಾವ ರೊಟ್ಟಿ ಸಪ್ಪಳಕ್ಕೇ ಎಚ್ಚರ ಆಗುತ್ತಿತ್ತಂತೆ. ಮೊದಲ ರೊಟ್ಟಿಗೆ ಬೆಣ್ಣೆ ಸವರಿ ಇವರ ಕೈಗೆ ಕೊಟ್ಟು, ಅಮ್ಮನಿಗೆ ಹೇಳಬೇಡ ಅನ್ನುತ್ತಿದ್ದರಂತೆ. ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ. "ರೀ, ಇದನ್ನು ಯಾಕೆ ಯಾವತ್ತೂ ಹೇಳಲಿಲ್ಲ?" ಅಂದೆ. "ಕೇಳಾಕ ಟೈಮ್ ಎಲ್ಲಿತ್ತು ನಮಗ" ಅಂದರು.

ಪಕ್ಕದ ಟೇಬಲ್ಲಿನವರು ಎದ್ದು ಹೊರಡುವಾಗ ನಮ್ಮ ಕಡೆ ನೋಡಿ "ಪ್ರೊವೆಚೊ" ಅಂದರು. ಪರಿಚಯ ಇಲ್ಲದವರೂ ಅಲ್ಲಿ ಹಾಗೆ ಹೇಳಿಯೇ ಹೋಗುವುದು. ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ "ನಿಧಾನಕ್ಕೆ ಊಟ ಮಾಡಿ" ಅನ್ನುತ್ತಾರಲ್ಲ, ಅದೇ.

ನೀವು ಪ್ವೆರ್ತೊ ವಯಾರ್ತಾಗೆ ಹೋದರೆ ಸಂಜೆ ಸಮುದ್ರದ ಪಕ್ಕದ ಮಲೆಕೋನ್ ರಸ್ತೆಗೆ ಹೋಗಿ. ಒಣ ಸೋರೆ ಬುರುಡೆ ಹಿಡಿದು ತೂಬಾ ಮಾರುವವರು ಸಿಗುತ್ತಾರೆ. ಅದು ತೆಂಗಿನ ಮರದ ನೀರಾ! ಮನಿಲಾದಿಂದ ಅಕಾಪುಲ್ಕೊಗೆ 1565ರಿಂದ 1815ರವರೆಗೆ ಓಡಾಡಿದ ಹಡಗುಗಳಲ್ಲಿ ಬಂದ ಫಿಲಿಪೀನ್ಸ್ ನಾವಿಕರು ತೆಂಗಿನಿಂದ ಇದನ್ನು ಇಳಿಸುವುದು ಕಲಿಸಿದರು. ತೂಬಾ ಅನ್ನುವ ಹೆಸರೂ ಅವರದೇ. ಲೋಟಕ್ಕೆ ಸುರಿದು, ಮೇಲೆ ಸೇಬಿನ ಚೂರು, ಕಡಲೆಬೀಜ ಹಾಕಿ ಕೊಡುತ್ತಾರೆ. ಕಡಲೆಬೀಜ ಇನ್ನೊಂದು ಚಮಚ ಕೇಳಿ, ಕೊಡುತ್ತಾರೆ. ಇಬ್ಬರಿಗೆ ಒಂದೇ ಲೋಟ ತೆಗೆದುಕೊಂಡು, ಸೂರ್ಯ ಮುಳುಗುವ ಕಡೆ ಮುಖ ಮಾಡಿ ಕಟ್ಟೆ ಮೇಲೆ ಕೂತುಕೊಳ್ಳಿ.