ಮಾತ್ರೆಯನ್ನೂ ಬಿಡಬೇಡಿ, ಪರೀಕ್ಷೆಯನ್ನೂ ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಸಂತೋಷ. ಇಲ್ಲಿ ಕೂತವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಬ್ಬರಾದರೂ ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ. ಮಾತ್ರೆ ಯಾಕೆ ಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ.

ನಾನು ಡಾಕ್ಟರಲ್ಲ. ತ್ಯಾಗರಾಜನಗರದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಒಬ್ಬ ತಾಯಿಯ ವಿಷಯ ಹೇಳಲೇಬೇಕು ಅಂತ ಬಂದಿದ್ದೇನೆ.

ಅವರು ಮಗನ ಮಾತ್ರೆಗೆ ತಿಂಗಳು ತಿಂಗಳು ಬರುತ್ತಿದ್ದರು. ವಾಲ್‌ಪ್ರೊಯೇಟ್, ಒಲಾಂಜಪೈನ್. ಹೆಸರು ತಪ್ಪಬಾರದು ಅಂತ ಖಾಲಿ ಸ್ಟ್ರಿಪ್ಪನ್ನು ಸೆರಗಿಗೆ ಗಂಟು ಹಾಕಿಕೊಂಡು ತರುವವರು. ಒಂದು ಸಲ ಗಂಟು ಇರಲಿಲ್ಲ. "ಲಿವರ್ ಟಾನಿಕ್ ಸಾಕು" ಅಂದರು. ಕೈಯಲ್ಲಿ ಲ್ಯಾಬ್ ರಿಪೋರ್ಟ್. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ 68, ದಪ್ಪಕ್ಷರ, ಪಕ್ಕದಲ್ಲಿ ಮೇಲಕ್ಕೆ ಬಾಣ. ಆ ಲ್ಯಾಬಿನ ಮಿತಿ 40. ನೆಂಟರೊಬ್ಬರು ಬಾಣ ನೋಡಿ "ಲಿವರ್ ಹೋಯ್ತು" ಅಂದಿದ್ದರು. ಅವತ್ತೇ ಎರಡೂ ಮಾತ್ರೆ ಬಂದ್.

ನಾನು ಟಾನಿಕ್ ಕೊಟ್ಟು ಕಳಿಸಿದೆ. ಡಾಕ್ಟರಿಗೆ ತೋರಿಸಿದಿರಾ ಅಂತ ಒಂದು ಮಾತು ಕೇಳಲಿಲ್ಲ. ಅದು ಇವತ್ತಿಗೂ ಕಾಡುತ್ತದೆ. ಹತ್ತು ದಿನಕ್ಕೆ ಹುಡುಗನಿಗೆ ನಿದ್ದೆ ಹೋಯಿತು. ನಡುರಾತ್ರಿ ಬನಶಂಕರಿ ಕಡೆ ಬರಿಗಾಲಲ್ಲಿ ನಡೆಯುತ್ತಿದ್ದವನನ್ನು ಯಾರೋ ಆಟೋದವರು ಮನೆಗೆ ತಂದು ಬಿಟ್ಟರು. ಮರುದಿನ ಅಡ್ಮಿಟ್.

68 ಅಂದರೆ ಮಿತಿಯ ಎರಡು ಪಟ್ಟೂ ಆಗಿಲ್ಲ, ಅಲ್ವಾ? ಮೂರು ಪಟ್ಟು ದಾಟಿದರೆ ಡಾಕ್ಟರು ಸಾಮಾನ್ಯವಾಗಿ ಗಂಭೀರವಾಗಿ ಯೋಚಿಸುತ್ತಾರೆ. ಸಣ್ಣ ಏರಿಕೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಸುಮ್ನೆ ಕಾದು ಮತ್ತೆ ರಕ್ತ ನೋಡಬಹುದು. ಅದನ್ನು ತೀರ್ಮಾನಿಸುವವರು ನೆಂಟರಲ್ಲ.

ಹಾಗಂತ ವಾಲ್‌ಪ್ರೊಯೇಟ್ ಪೂರ್ತಿ ನಿರಪಾಯ ಅಂತಲ್ಲ. ಅಪರೂಪಕ್ಕೆ ಲಿವರ್ ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ, ಅದೂ ಹೆಚ್ಚಾಗಿ ಮೊದಲ 6 ತಿಂಗಳಲ್ಲಿ. ಅದಕ್ಕೇ ಶುರು ಮಾಡುವ ಮುಂಚೆ ಒಂದು ಪರೀಕ್ಷೆ, ಆಮೇಲೆ ಆ ತಿಂಗಳುಗಳಲ್ಲಿ ಆಗಾಗ. ಕಣ್ಣು ಹಳದಿಯಾಗಲಿ ಅಂತ ಕಾಯಬೇಡಿ. ಊಟ ಸೇರುತ್ತಿಲ್ಲ, ವಾಂತಿ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಲಿವರ್ ರಿಪೋರ್ಟ್ ಸರಿಯಿದ್ದೂ ರಕ್ತದಲ್ಲಿ ಅಮೋನಿಯಾ ಏರಿ ಮಂಪರು ಬರಬಹುದು.

ಒಲಾಂಜಪೈನ್ ಕಥೆ ಬೇರೆ. ಹಸಿವು ಜಾಸ್ತಿ, ಹೊಟ್ಟೆ ಮುಂದಕ್ಕೆ, ಆಮೇಲೆ ಲಿವರಿನಲ್ಲಿ ಕೊಬ್ಬು. ಬೆಲ್ಟಿನ ತೂತು ಒಂದೊಂದೇ ಹೊರಗೆ ಹೋಗುತ್ತಿದೆಯಾ ನೋಡಿ. ತೂಕ, ಶುಗರ್ ಎರಡೂ ಬರೆದಿಡಿ.

ಮಾನಸಿಕ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಲಿಥಿಯಂ. ಅದಕ್ಕೂ ಲಿವರ್ ಟಾನಿಕ್ ಕೇಳುತ್ತಾರೆ! ಲಿಥಿಯಂ ಹೊರಹೋಗುವುದು ಕಿಡ್ನಿಯಿಂದ. ಅದಕ್ಕೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ ಬೇಕು, ಲಿಥಿಯಂ ಮಟ್ಟವನ್ನೂ ನೋಡಿಸಬೇಕು.

ಕಷಾಯ ಕುಡಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ತೊಂದರೆ ಕಂಡದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಕುಡಿತದ ಬಗ್ಗೆ ಇನ್ನೂ ಹೇಳಬೇಕಿತ್ತು. ಚೀಟಿ ಬಂತು, ಎರಡೇ ನಿಮಿಷವಂತೆ.

ಆ ತಾಯಿ ಈಗಲೂ ಅಂಗಡಿಗೆ ಬರುತ್ತಾರೆ. ಹೋದ ತಿಂಗಳು ಮಗನ ಎಸ್‌ಜಿಪಿಟಿ 46. ಅವೇ ಮಾತ್ರೆ, ಒಂದರ ಡೋಸ್ ಮಾತ್ರ ಕಮ್ಮಿ. ಸೆರಗಿನಲ್ಲಿ ಗಂಟು ಇತ್ತು.