ಕತ್ತಿಗೆ ಬೀಳುವ ಎರಡನೇ ಪೆಟ್ಟು

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ನಮ್ಮ ಮಂಡ್ಯ ಸೀಮೆಯ ನಾಲೆ ಏರಿಗಳ ಮೇಲೆ ಹುಡುಗರ ಗುಂಪು ಸೇರುತ್ತದೆ. ಸೇತುವೆ ಕಟ್ಟೆ ಹತ್ತಿ ತಲೆಕೆಳಗಾಗಿ ಧುಮುಕುವುದು ಅವರಿಗೆ ಆಟ. ನೀರು ಬಿಟ್ಟಾಗ ಆಳುದ್ದ ಇದ್ದದ್ದು ನಿಲ್ಲಿಸಿದ ಮೇಲೆ ಸೊಂಟಕ್ಕೂ ಬರುವುದಿಲ್ಲ. ಕೆಂಪು ನೀರಿನ ಮೇಲೆ ನಿಂತು ನೋಡಿದರೆ ಅದು ಗೊತ್ತಾಗುವುದೂ ಇಲ್ಲ. ಹಾಗೆ ಧುಮುಕಿದ ಹದಿನೇಳರ ಹುಡುಗನೊಬ್ಬನನ್ನು ಹಲವು ವರ್ಷಗಳ ಹಿಂದೆ ನನ್ನ ಮುಂದೆ ತಂದು ಮಲಗಿಸಿದರು. ಎರಡು ಕಾಲೂ ಅಲುಗುತ್ತಿರಲಿಲ್ಲ. ಜೊತೆಗೆ ಬಂದ ಹುಡುಗ ಅಳುತ್ತಲೇ ಹೇಳಿದ: "ಏರಿ ಮೇಲೆ ಎಳೆದು ಹಾಕ್ದಾಗ ಕಾಲು ಆಡುಸ್ತಿದ್ದ ಸಾ. ಕೂರ್ಸಿ ನೀರು ಕುಡುಸ್ದೋ. ಆಟೋದಲ್ಲಿ ಮಧ್ಯಕ್ಕೆ ಕೂರುಸ್ಕಂಡು ಬಂದೋ. ದಾರೀಲೆಲ್ಲ ಕತ್ತು ವಾಲ್ತಾ ಇತ್ತು."

ಆ ಮಕ್ಕಳು ಮಾಡಿದ್ದೆಲ್ಲ ಪ್ರೀತಿಯಿಂದಲೇ. ಬೇರೆ ದಾರಿಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲೆಯಲ್ಲಿ ಮುರಿದದ್ದು ಮೂಳೆ. ಆ ಮುರಿದ ಮೂಳೆ ಒಳಗಿನ ಬೆನ್ನುಹುರಿಯನ್ನು ಜಜ್ಜುತ್ತಾ ಬಂದದ್ದು ಆಟೋದಲ್ಲಿ. ಕತ್ತಿನ ಮೂಳೆ ಮುರಿತದ ಚಿಕಿತ್ಸೆ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಆ ಆಟೋವೇ. ಅದಕ್ಕೇ ಈ ಮಾತನ್ನು ಬಿದ್ದ ಜಾಗದಿಂದ ಶುರುಮಾಡುತ್ತಿದ್ದೇನೆ.

ಕತ್ತಿನಲ್ಲಿ ಒಂದರ ಮೇಲೊಂದು ಕೂತ 7 ಮೂಳೆಗಳಿವೆ. ಮೇಲಿನದು ಬಳೆಯಂತಿದೆ, ತಲೆಬುರುಡೆ ಅದರ ಮೇಲೆ ಕೂತಿದೆ. ಎರಡನೆಯದರಿಂದ ಒಂದು ಗೂಟ ಎದ್ದು ಆ ಬಳೆಯೊಳಕ್ಕೆ ಸೇರಿದೆ. ಬೀಸುಕಲ್ಲು ನಡುಗೂಟದ ಸುತ್ತ ತಿರುಗುವುದಿಲ್ಲವೇ, ನಾವು 'ಇಲ್ಲ' ಎಂದು ತಲೆಯಾಡಿಸುವುದೂ ಹೆಚ್ಚಾಗಿ ಅಲ್ಲಿಯೇ. ಉಳಿದ ಮೂಳೆಗಳು ಹಿಂಬದಿಯಲ್ಲಿ, ಎಡಕ್ಕೂ ಬಲಕ್ಕೂ, ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಒರಗಿಕೊಂಡಿವೆ. ಇವುಗಳ ನಡುವಿನ ಕೊಳವೆಯಲ್ಲಿ, ಕಿರುಬೆರಳಿನ ದಪ್ಪದ ಬೆನ್ನುಹುರಿ ಇಳಿದು ಹೋಗುತ್ತದೆ. ಮುಂದಕ್ಕೆ ಜೋರಾಗಿ ಬಾಗಿದ ಹೊಡೆತಕ್ಕೆ ಮೇಲಿನ ಹೆಂಚು ಕೆಳಗಿನದನ್ನು ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೀಲು ತಪ್ಪುವುದೆಂದರೆ ಇದೇ. ಒಂದು ಬದಿ ಮಾತ್ರ ತಪ್ಪಿದರೆ ಮೂಳೆ ಸುಮಾರು ಕಾಲು ಭಾಗ ಮುಂದೆ ಸರಿದಿರುತ್ತದೆ. ಎರಡೂ ಬದಿ ತಪ್ಪಿದರೆ ಅರ್ಧದಷ್ಟು. ಹುರಿಗೆ ಉಳಿಯುವ ಜಾಗ ಎಷ್ಟೆಂದು ನೀವೇ ಊಹಿಸಬಹುದು.

ಎಲ್ಲಿ ಪೆಟ್ಟು ಬಿತ್ತು ಎನ್ನುವುದರ ಮೇಲೆ ಏನು ಹೋಯಿತು ಎನ್ನುವುದು ನಿಂತಿದೆ. ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ವಪೆಗೆ, ಕತ್ತಿನಲ್ಲಿ ಹುರಿಯಿಂದ ಹೊರಡುವ ನರಗಳಲ್ಲಿ ಮೇಲಿನಿಂದ 3, 4 ಮತ್ತು 5ನೆಯವುಗಳಿಂದ ಅಪ್ಪಣೆ ಹೋಗಬೇಕು. ಅದಕ್ಕೂ ಮೇಲೆ ಹುರಿ ಪೂರಾ ನಜ್ಜಿದರೆ ಉಸಿರು ಅಲ್ಲೇ ನಿಲ್ಲುತ್ತದೆ. 5ನೇ ನರ ಮೊಣಕೈ ಮಡಚುತ್ತದೆ, 6 ಮಣಿಕಟ್ಟು ಎತ್ತುತ್ತದೆ, 7 ಮೊಣಕೈ ಚಾಚುತ್ತದೆ, 8 ಬೆರಳು ಮುಚ್ಚುತ್ತದೆ. ಗಾಯಾಳು ಬಂದ ಕೂಡಲೇ ವೈದ್ಯರು "ಕೈ ಮಡಚಪ್ಪ, ಚಾಚಪ್ಪ, ನನ್ನ ಬೆರಳು ಹಿಡಿಯಪ್ಪ" ಎನ್ನುವುದು ಇದಕ್ಕಾಗಿ.

ಈಗ ಬಿದ್ದ ಜಾಗಕ್ಕೆ ಬನ್ನಿ. ತೆಂಗಿನ ಮರದಿಂದಾಗಲಿ, ಹುಲ್ಲಿನ ಮೆದೆಯಿಂದಾಗಲಿ, ಕಬ್ಬು ತುಂಬಿದ ಟ್ರೇಲರ್ ಮೇಲಿಂದಾಗಲಿ ಬಿದ್ದವರು, ಬೈಕಿನಿಂದ ಎಗರಿ ಬಿದ್ದವರು, ಕತ್ತು ನೋವು ಎಂದರೆ, ಕೈಕಾಲು ಜೋಮು ಎಂದರೆ, ಅಥವಾ ಎಚ್ಚರವೇ ಇಲ್ಲದಿದ್ದರೆ, ಕತ್ತು ಮುರಿದಿದೆ ಎಂದೇ ತಿಳಿಯಿರಿ. ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆಯ ಕಡೆ ಮಂಡಿಯೂರಿ ಎರಡೂ ಅಂಗೈಯಿಂದ ತಲೆಯನ್ನು ಇದ್ದ ಹಾಗೇ ಹಿಡಿದಿರಲಿ. ಸೊಟ್ಟಗಿದೆ ಎಂದು ನೆಟ್ಟಗೆ ಮಾಡಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ವಾಂತಿ ಬಂದರೆ ಮೂರು ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ ಒಟ್ಟಿಗೇ ತಿರುಗುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಮಗ್ಗುಲಾಗಿಸಿ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ಟನ್ನು ಕಿತ್ತು ಎಳೆಯಬೇಡಿ. ನೀರಿನೊಳಗೆ ಬಿದ್ದವರಿಗಂತೂ ಉಸಿರೇ ಮೊದಲು, ಕತ್ತು ಆಮೇಲೆ. ಇನ್ನು, ಪೊಲೀಸ್ ಕೇಸು ನಮ್ಮ ತಲೆಗೆ ಬರುತ್ತದೆಂದು ರಸ್ತೆಯಲ್ಲಿ ಹಿಂಜರಿಯುವವರು ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ವಯಸ್ಸಾದವರ ವಿಷಯ ಬೇರೆಯೇ ಇದೆ. ಬಚ್ಚಲಲ್ಲಿ ಜಾರಿ ಹಣೆಗೆ ಪೆಟ್ಟಾದ ಅಜ್ಜಿಗೆ ಕತ್ತಿನ ಆ ನಡುಗೂಟವೇ ಮುರಿದಿರಬಹುದು. ಕೈಕಾಲು ಆಡುತ್ತಿರುತ್ತವೆ, ಬರೀ ನೋವು. ಉಳುಕು ಎಂದು ಎಣ್ಣೆ ಹಚ್ಚಿ ತಿಕ್ಕಿಸುತ್ತೇವೆ, ನಾಟಿ ಪಟ್ಟು ಹಾಕುವವರ ಹತ್ತಿರ ಕತ್ತು ತಿರುಗಿಸಲು ಕೊಡುತ್ತೇವೆ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಬಿದ್ದ ಮೇಲೆ ನೋಯುತ್ತಿರುವ ಕತ್ತನ್ನು ಯಾರ ಕೈಗೂ ತಿರುಗಿಸಲು ಕೊಡಬೇಡಿ. ಮೊದಲು ಸ್ಕ್ಯಾನ್ ಆಗಲಿ.

ಆಸ್ಪತ್ರೆಯಲ್ಲಿ ಮೊದಲು ಉಸಿರು, ಆಮೇಲೆ ರಕ್ತದೊತ್ತಡ. ಹುರಿಗೆ ಪೆಟ್ಟಾದಾಗ ಒತ್ತಡವೂ ನಾಡಿಯೂ ಎರಡೂ ಇಳಿಯಬಹುದು. ಒತ್ತಡ ಇಳಿದರೆ ನಜ್ಜಿದ ಹುರಿಗೆ ರಕ್ತ ಸಾಲದೆ ಇನ್ನಷ್ಟು ಸಾಯುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಮೂಳೆ, ಎಂಆರ್‌ಐನಲ್ಲಿ ಹುರಿ ಮತ್ತು ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕು ಕಾಣುತ್ತವೆ. ತಪ್ಪಿದ ಕೀಲನ್ನು ಕೂರಿಸಲು ಕಿವಿಯ ಮೇಲ್ಭಾಗದಲ್ಲಿ, ಅಲ್ಲಿಗಷ್ಟೇ ಮರಗಟ್ಟುವ ಸೂಜಿ ಕೊಟ್ಟು, ತಲೆಬುರುಡೆಗೆ ಇಕ್ಕಳ ಕಚ್ಚಿಸಿ ಭಾರ ತೂಗಿಬಿಡುತ್ತೇವೆ. ಗಾಯಾಳು ಎಚ್ಚರವಾಗಿಯೇ ಇರುತ್ತಾನೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ನನಗೆ ಗೊತ್ತು. ಆದರೆ ಅವನು ಎಚ್ಚರವಾಗಿರುವುದೇ ನಮಗೆ ಕಾವಲು. ನಾಲ್ಕೈದು ಕಿಲೋದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಸಲವೂ ಎಕ್ಸ್‌ರೇ ತೆಗೆದು, "ಹೆಬ್ಬೆರಳು ಆಡಿಸು" ಎನ್ನುತ್ತೇವೆ. ಕಡಿಮೆ ಆಡಿದರೆ ತಕ್ಷಣ ನಿಲ್ಲಿಸಬೇಕು. ಹೆಂಚು ಜಾಗಕ್ಕೆ ಮರಳಿ ಕೂತ ಆ ಗಳಿಗೆಯ ನೆಮ್ಮದಿಯನ್ನು ಹೇಳಲು ನನಗೆ ಮಾತಿಲ್ಲ. ಆಮೇಲೆ ಸಾಮಾನ್ಯವಾಗಿ ಕತ್ತಿನ ಮುಂದಿನಿಂದ ಹೋಗಿ, ಹರಿದ ಡಿಸ್ಕು ತೆಗೆದು, ಆ ಜಾಗಕ್ಕೆ ಸೊಂಟದ ಮೂಳೆಯ ತುಂಡಿಟ್ಟು ಪ್ಲೇಟು ಸ್ಕ್ರೂ ಹಾಕುತ್ತೇವೆ. ಹುರಿ ಒತ್ತಿಕೊಂಡಿದ್ದರೆ 24 ಗಂಟೆಯೊಳಗೆ ಬಿಡಿಸಿದವರಲ್ಲಿ ಫಲ ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಎಲ್ಲರಿಗೂ ಕತ್ತರಿ ಬೇಕಿಲ್ಲ. ಗಟ್ಟಿಯಾಗಿ ನಿಂತಿರುವ ಮುರಿತಕ್ಕೆ ಕಾಲರ್ ಸಾಕು.

ಸುಮಾರು 3,600 ವರ್ಷ ಹಿಂದಿನ ಈಜಿಪ್ಟಿನ ವೈದ್ಯ ಸುರುಳಿಯೊಂದು ಕತ್ತಿನ ಕೀಲು ತಪ್ಪಿ ಕೈಕಾಲು ಹೋದವನ ಬಗ್ಗೆ 'ಇದು ಚಿಕಿತ್ಸೆ ಮಾಡುವ ಕಾಯಿಲೆಯಲ್ಲ' ಎಂದು ಬರೆದಿಟ್ಟಿದೆ. ಅಂಥವರು ಇವತ್ತು ಬದುಕುತ್ತಿದ್ದಾರೆ. ಬದುಕಿಸುತ್ತಿರುವವರಲ್ಲಿ ಅರ್ಧ ಪಾಲು ಮನೆಯ ಹೆಂಗಸರೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ತಾಯಿ, ಉಚ್ಚೆ ಕೊಳವೆ ನೋಡಿಕೊಳ್ಳುವ ಹೆಂಡತಿ. ಸ್ಪರ್ಶ ಗೊತ್ತಾಗದ ಮೈಯಲ್ಲಿ ಹಾಸಿಗೆ ಹುಣ್ಣು ಸದ್ದಿಲ್ಲದೆ ಏಳುತ್ತದೆ. ಚೆನ್ನಾಗಿ ಆದ ಆಪರೇಷನ್ನನ್ನು ಆ ಹುಣ್ಣು ಕೆಡಿಸಿದ್ದನ್ನು ನಾನು ನೋಡಿದ್ದೇನೆ.

"ಮತ್ತೆ ನಡೀತಾನಾ ಡಾಕ್ಟ್ರೇ?" ಎಂದು ಎಲ್ಲರೂ ಕೇಳುತ್ತಾರೆ. ಮೊದಲ ದಿನಗಳಲ್ಲಿ ಹುರಿ ಮಂಕು ಬಡಿದಂತೆ ಇರುತ್ತದೆ, ಆಗ ತೀರ್ಪು ಹೇಳುವುದು ಕಷ್ಟ. ಆದರೆ ಗುದದ ಸುತ್ತ ಒಂದಿಷ್ಟು ಸ್ಪರ್ಶ ಉಳಿದಿದ್ದರೆ, ಆಡಿಸು ಎಂದಾಗ ಕಾಲ್ಬೆರಳೊಂದು ಮಿಡಿದರೆ, ಹುರಿ ಪೂರ್ತಿ ಕಡಿದಿಲ್ಲ ಎಂದರ್ಥ. ಅಲ್ಲಿಂದಾಚೆ ತಿಂಗಳುಗಟ್ಟಲೆ ಫಿಸಿಯೋಥೆರಪಿ.

ಮದ್ದೂರಿನ ಕಡೆ ಎಳನೀರು ಇಳಿಸಲು ಹತ್ತಿ ಬಿದ್ದ ಒಬ್ಬನಿಗೂ ಆ ನಾಲೆಯ ಹುಡುಗನಿಗೆ ಆಗಿದ್ದಂಥದೇ ಮುರಿತ. ಎತ್ತಲು ಬಂದವರನ್ನೆಲ್ಲ ಅವನ ಸೋದರಮಾವ ಗದರಿಸಿ ದೂರ ನಿಲ್ಲಿಸಿ, ಆಂಬುಲೆನ್ಸ್ ಬರುವತನಕ ಬಿಸಿಲಲ್ಲಿ ಅವನ ತಲೆ ಹಿಡಿದು ಕೂತಿದ್ದರಂತೆ. ಈಗ ಅವನು ಮರ ಹತ್ತುವುದಿಲ್ಲ. ಎಳನೀರು ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅಂಗಿಯ ಗುಂಡಿ ಹಾಕಲು ಎಡಗೈ ಇನ್ನೂ ತಡವರಿಸುತ್ತದೆ. ಹೋದ ಸಲ ತೋರಿಸಿಕೊಳ್ಳಲು ಬಂದಾಗ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದ.

ನಮಸ್ಕಾರ.