ಬಣ್ಣದ ದಪ್ಪ, ಬಣ್ಣದ ಗಡಸು

ಕೇಳುಗರಿಗೆ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ಹೊಡೆದ ಬಣ್ಣವನ್ನು ಅಳೆಯುವುದು ಹೇಗೆ ಎಂದು ಈ ಹೊತ್ತು ಹೇಳುತ್ತೇನೆ.

ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಪದರ ಎಲ್ಲಿ ತೆಳುವೋ ಅಲ್ಲಿಯೇ ತುಕ್ಕು ಮೊದಲು ಏಳುತ್ತದೆ. ಹಾಗೆಂದು ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಮುಂದೆ ಬಿರಿಯುತ್ತದೆ. ಈ ದಪ್ಪದ ಲೆಕ್ಕ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ.

ಬಣ್ಣ ಹಸಿ ಇರುವಾಗಲೇ ಹಲ್ಲುಗಳಿರುವ ಬಾಚಣಿಗೆಯಂಥ ಪಟ್ಟಿಯನ್ನು ಊರಿ ನೋಡಬಹುದು. ಡಬ್ಬಿಯಲ್ಲಿ ಘನಾಂಶ ಗಾತ್ರದ ಲೆಕ್ಕದಲ್ಲಿ ಅರ್ಧದಷ್ಟಿದ್ದರೆ 120 ಮೈಕ್ರಾನ್ ಹಸಿ ಪದರ ಒಣಗಿ 60ಕ್ಕೆ ಇಳಿಯುತ್ತದೆ. ತಿನ್ನರ್ ಬೆರೆಸಿದಷ್ಟೂ ಇನ್ನೂ ಕಡಿಮೆ.

ಒಣಗಿದ ಮೇಲೆ ಡಿಎಫ್‌ಟಿ ಮೀಟರ್, ಅಂದರೆ ಒಣ ಪದರದ ದಪ್ಪ ಅಳೆಯುವ ಸಾಧನ. ಇದರಲ್ಲಿ ನಾನು ಒಮ್ಮೆ ಪೆಟ್ಟು ತಿಂದೆ. ಪಂಪಿನ ಕವಚಗಳ ಒಂದು ಲಾಟ್ ವಾಪಸು ಬಂತು. ನನ್ನ ಮೀಟರಿನಲ್ಲಿ 80, ಕೊಂಡವರ ಮೀಟರಿನಲ್ಲಿ 55. ಮೀಟರ್ ಕೆಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದ ನುಣುಪಾದ ಉಕ್ಕಿನ ಬಿಲ್ಲೆಯ ಮೇಲೆ ನಾನು ಸೊನ್ನೆ ಹೊಂದಿಸಿದ್ದೆ. ಈ ಮೀಟರ್ ಅಳೆಯುವುದು ಬಣ್ಣವನ್ನಲ್ಲ, ಪ್ರೋಬಿನ, ಅಂದರೆ ಬಣ್ಣದ ಮೇಲೆ ಇಡುವ ಅಳತೆಕಡ್ಡಿಯ, ತುದಿಯಿಂದ ಕಬ್ಬಿಣಕ್ಕಿರುವ ದೂರವನ್ನು. ಅದನ್ನೂ ಕಾಂತದ ಸೆಳೆತದಿಂದ ಊಹಿಸುತ್ತದೆ. ಶಾಟ್ ಬ್ಲಾಸ್ಟ್ ಮಾಡಿದ, ಅಂದರೆ ಲೋಹದ ಕಾಳುಗಳನ್ನು ರಭಸದಿಂದ ಹೊಡೆದು ಶುಚಿ ಮಾಡಿದ, ಬೀಡುಕಬ್ಬಿಣದ ಮೈ ತರಿತರಿ. ಆ ತಗ್ಗುಗಳೂ ಬಣ್ಣದ ಲೆಕ್ಕಕ್ಕೆ ಸೇರಿಬಿಟ್ಟವು. ಬೀಡಿನ ಕಾಂತಗುಣವೂ ಉಕ್ಕಿನದಲ್ಲ. ಅಂದಿನಿಂದ ಪ್ರತಿ ಲಾಟಿನಲ್ಲೂ ಬಣ್ಣ ಹೊಡೆಯದ ಒಂದು ತುಂಡನ್ನು ತೆಗೆದಿಟ್ಟು, ಅದರ ಮೈಮೇಲೆ ಹತ್ತು ಕಡೆ ಪ್ರೋಬ್ ಇಟ್ಟು ಸೊನ್ನೆ ಹೊಂದಿಸುತ್ತೇನೆ. ಅಂಚಿನ ಹತ್ತಿರ ಅಳೆಯುವುದಿಲ್ಲ, ಅಲ್ಲಿನ ಅಂಕಿ ನಂಬುವಂಥದ್ದಲ್ಲ. ಅಲ್ಯೂಮಿನಿಯಂ ಆದರೆ ಕಾಂತಕ್ಕೆ ಸಿಗುವುದಿಲ್ಲ, ಅದಕ್ಕೆ ಸುಳಿವಿದ್ಯುತ್ತಿನ (ಎಡ್ಡಿ ಕರೆಂಟ್) ಪ್ರೋಬ್ ಬೇಕು.

ಇನ್ನು ಗಡಸು. ನನಗೆ ಕೆಲಸ ಕಲಿಸಿದ ಕಾಕಾ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಿದ್ದರು. ಅವರ ಉಗುರಿನ ಮೇಲೆ ನನಗೆ ಇಂದಿಗೂ ಗೌರವವಿದೆ, ಆದರೆ ಅದನ್ನು ಕಾಗದದಲ್ಲಿ ಬರೆದು ಕೊಡಲಾಗದು. ಪೆನ್ಸಿಲಿನ ಮೇಲೆ ಅಚ್ಚಾದ ಗಡಸಿನ ಗುರುತನ್ನು ಬರೆದು ಕೊಡಬಹುದು: ಎಚ್‌ಬಿ, ಎಚ್, 2ಎಚ್ ಹೀಗೆ, ಮುಂದೆ ಹೋದಷ್ಟೂ ಗಡಸು. ಚಿತ್ರ ಬರೆಯುವ ಪೆನ್ಸಿಲುಗಳೇ ಸಾಕು. ಮರವನ್ನು ಮಾತ್ರ ಹೆರೆದು ಐದಾರು ಮಿಲಿಮೀಟರ್ ಕಡ್ಡಿ ಹೊರಬಿಡಿ. ಪಾಲಿಶ್ ಕಾಗದದ ಮೇಲೆ ನೆಟ್ಟಗೆ ಹಿಡಿದು ಉಜ್ಜಿ, ತುದಿ ಚಪ್ಪಟೆಯಾಗಿ ಅಂಚು ಚೂಪಾಗಲಿ. 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರದ ಚಿಕ್ಕ ಗಾಲಿಬಂಡಿಗೆ ಸಿಕ್ಕಿಸಿ ಮುಂದಕ್ಕೆ ತಳ್ಳಿ. ಅತಿ ಗಡಸಿನ ಪೆನ್ಸಿಲಿನಿಂದ ಕೆಳಗಿಳಿಯುತ್ತ ಬಂದರೆ, ಗೀರು ಬೀಳಿಸದ ಮೊದಲ ಪೆನ್ಸಿಲೇ ಆ ಬಣ್ಣದ ಗಡಸು.

ಒಂದು ಆಗಸ್ಟಿನಲ್ಲಿ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಹೊಡೆಯುವ, ನಿಧಾನವಾಗಿ ಗಟ್ಟಿಯಾಗುವ ಬಣ್ಣ, ಹೊಡೆದ ಮರುದಿನ ನೋಡಿದೆ, ಎಚ್‌ಬಿ ಪೆನ್ಸಿಲಿಗೇ ಗೀರು ಬಿತ್ತು. ದಪ್ಪ ಸರಿಯಾಗಿತ್ತು, ಹೊಳಪೂ ಇತ್ತು. ಲಾರಿ ಬಾಗಿಲಲ್ಲಿ ನಿಂತಿತ್ತು. ವಾಪಸು ಕಳಿಸಿದೆ, ಬೈಸಿಕೊಂಡೆ. ಏಳನೆಯ ದಿನ 2ಎಚ್ ತಳ್ಳಿದಾಗ ಬೂದು ಗೆರೆ ಮಾತ್ರ ಮೂಡಿತು. ರಬ್ಬರಿನಿಂದ ಒರೆಸಿದೆ, ಕೆಳಗಿನ ಬಣ್ಣ ಹಾಗೆಯೇ ಇತ್ತು. ಆಮೇಲೆ ಲಾರಿಗೆ ಫೋನ್ ಮಾಡಿದೆ.